ಗ್ರಹಣದ ಕತ್ತಲು ಹೇಳಿದ ಸಾಕ್ಷಿ

1980ರ ಫೆಬ್ರುವರಿ 16ರ ಮಧ್ಯಾಹ್ನ ಕರ್ನಾಟಕದ ಒಂದು ಪಟ್ಟಿಯಲ್ಲಿ ಹಗಲಿನಲ್ಲೇ ಕತ್ತಲಾಯಿತು. ಸೇಡಂ, ಚಿತ್ತಾಪುರ, ವಾಡಿ ಸೀಮೆಗೆ ದಕ್ಷಿಣದಲ್ಲಿರುವ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಹಾಗೂ ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟು ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸಿದರು. ಇಂಥದೇ ಒಂದು ಗ್ರಹಣ ಹಿಂದೊಮ್ಮೆ ಐನ್‌ಸ್ಟೈನರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತ್ತು. ಆ ಗ್ರಹಣದ ಸಾಕ್ಷ್ಯ ಎಷ್ಟು ಗಟ್ಟಿ ಎಂಬ ಪ್ರಶ್ನೆ ಜೋರಾಗಿ ಕೇಳಿಬಂದದ್ದೂ 1980ರಲ್ಲೇ.

ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ಸೆಕೆಂಡು ಕೋನದಷ್ಟು ಬಾಗಬೇಕೆಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. ನ್ಯೂಟನ್ನರ ನಿಯಮದ ಪ್ರಕಾರ ಅದು 0.87 ಮಾತ್ರ. ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಸೆಕೆಂಡು. ಶಹಾಬಾದಿನ ಕಲ್ಲುಗಣಿಯ ಅಂಚಿನಲ್ಲಿ ನಿಂತು ಮೂರು ಕಿಲೋಮೀಟರ್ ಆಚೆಗಿನ ರೂಪಾಯಿ ನಾಣ್ಯದ ಅಗಲವನ್ನು ಅಳೆದಂತೆ ಈ ಕೆಲಸ. ಸೂರ್ಯನ ಪಕ್ಕದ ನಕ್ಷತ್ರ ಹಗಲಲ್ಲಿ ಕಾಣದಾದ್ದರಿಂದ ಪೂರ್ಣ ಗ್ರಹಣವೇ ಬೇಕಿತ್ತು.

1919ರ ಮೇ 29ರಂದು ಎಡಿಂಗ್ಟನ್ ಆಫ್ರಿಕಾ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿ, ಇನ್ನೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಚಿತ್ರ ತೆಗೆದವು. ಪ್ರಿನ್ಸಿಪೆ 1.61 ಎಂದಿತು. ಸೊಬ್ರಾಲ್‌ನ ಒಂದು ದೂರದರ್ಶಕ 1.98 ಕೊಟ್ಟರೆ, ಇನ್ನೊಂದು ಸುಮಾರು 0.9 ತೋರಿಸಿ ನ್ಯೂಟನ್ನರ ಪಕ್ಷ ವಹಿಸಿತು. ಬಿಸಿಲಿಗೆ ಕನ್ನಡಿ ಕಾದು ಚಿತ್ರ ಮಸುಕಾಗಿದೆ ಎಂದು ಆ ಫಲಕಗಳನ್ನು ಕೈಬಿಡಲಾಯಿತು. ಒಲ್ಲದ ಅಂಕಿಯನ್ನಷ್ಟೇ ಬದಿಗಿಟ್ಟರೆ? 1980ರಲ್ಲಿ ಜಾನ್ ಇಯರ್‌ಮನ್ ಮತ್ತು ಕ್ಲಾರ್ಕ್ ಗ್ಲೈಮರ್ ಎತ್ತಿದ ಆಕ್ಷೇಪ ಇದೇ.

ಆದರೆ ಅದರ ಹಿಂದಿನ ವರ್ಷವೇ ರಾಯಲ್ ಗ್ರೀನಿಚ್ ವೀಕ್ಷಣಾಲಯದವರು ಹೊಸ ಯಂತ್ರದಿಂದ ಆ ಫಲಕಗಳನ್ನು ಮತ್ತೆ ಅಳೆದಾಗ 1.55 ಬಂದಿತ್ತು. ಲೋಪದ ಅಂತರ 0.34. ಅಂದರೆ ಕೈಬಿಟ್ಟ ಫಲಕಗಳೂ ಐನ್‌ಸ್ಟೈನರನ್ನು ವಿರೋಧಿಸಿರಲಿಲ್ಲ.

ಅನುಮಾನ ಆ ಕಾಲದಲ್ಲೂ ಇತ್ತು. 1922ರ ಸೆಪ್ಟೆಂಬರ್ 21ರ ಗ್ರಹಣಕ್ಕೆ ಹಲವು ತಂಡಗಳು ಆಸ್ಟ್ರೇಲಿಯಾದ ವಾಲಾಲ್‌ಗೆ ಹೋದದ್ದು ಅದಕ್ಕೇ. ಇಂದಿನ ಖಭೌತ ಸಂಸ್ಥೆಯ ಮಾತೃಸ್ಥಾನವಾದ ಕೊಡೈಕೆನಾಲ್ ವೀಕ್ಷಣಾಲಯದಿಂದ ಜಾನ್ ಎವರ್‌ಶೆಡ್ ಹೋಗಿದ್ದರು. ಉಪಕರಣ ಕೈಕೊಟ್ಟು ಬರಿಗೈಲಿ ಮರಳಿದರು. ಅಮೆರಿಕದ ಕ್ಯಾಂಪ್‌ಬೆಲ್ ತಂಡಕ್ಕೆ 1.72 ಸಿಕ್ಕಿತು.

1969ರಿಂದ ಈ ಪರೀಕ್ಷೆಗೆ ಗ್ರಹಣಕ್ಕಾಗಿ ಕಾಯಬೇಕಿಲ್ಲ. ಸೂರ್ಯನ ಬಳಿ ಹಾದುಬರುವ ಕ್ವೇಸಾರ್‌ಗಳ ರೇಡಿಯೊ ಅಲೆಗಳನ್ನು ಹಗಲಲ್ಲೇ ಅಳೆಯಬಹುದು. ಐನ್‌ಸ್ಟೈನರ ಲೆಕ್ಕಕ್ಕೂ ಈ ಅಳತೆಗೂ ಈಗ ಸಾವಿರದಲ್ಲಿ ಒಂದು ಪಾಲಿನಷ್ಟೂ ಅಂತರ ಕಂಡಿಲ್ಲ. 1919ರ ಫಲಕಗಳನ್ನು ಪ್ರಶ್ನಿಸಿದ್ದು ತಪ್ಪಲ್ಲ. ಕೆಲವೇ ಮಸುಕು ಚಿತ್ರಗಳ ಮೇಲೆ ನಿಂತಿದ್ದ ಸಿದ್ಧಾಂತ ಇಂದು ಮತ್ತೆ ಮತ್ತೆ ಮಾಡಿದ ಅಳತೆಗಳ ಮೇಲೆ ನಿಂತಿರುವುದು ಅಂಥ ಪ್ರಶ್ನೆಗಳಿಂದಲೇ.