ಅರಮನೆ ಎಲ್ಗೂ ಓಡೋಗಾಕಿಲ್ಲ ಕಣಪ್ಪಾ!

ಕಿಕ್ಕೇರಿ ಅಂದ ಕೂಡಲೇ ಎಲ್ಲರೂ ಕೆ.ಎಸ್.ನ. ಅಂತಾರೆ. ನಿಜ, 1915ರಲ್ಲಿ ನರಸಿಂಹಸ್ವಾಮಿಯವರು ಹುಟ್ಟಿದ್ದು ನಮ್ಮೂರಲ್ಲೇ. ಆದ್ರೆ ನನಗೆ ಊರು ಅಂದ್ರೆ ಮೊದಲು ನೆನಪಾಗೋದು ನವರಾತ್ರಿಯ ಸಂಜೆ ತಾತ ಟೀವಿ ಮುಂದೆ ಕೂರ್ತಿದ್ದ ಗತ್ತು. ಮೈಸೂರು ಅರಮನೆ ಮುಂದಿನ ದಸರಾ ಕಛೇರಿ ಬರ್ತಿದೆ ಅಂದ್ರೆ ಮುಗೀತು. "ಲೋ, ಆ ಫ್ಯಾನ್ ನಿಲ್ಸ್ಲಾ, ತಂಬೂರಿ ಕೇಳ್ಸಾಕಿಲ್ಲ" ಅನ್ನೋರು. ಸೆಕೆಯಲ್ಲಿ ಬೇಯೋರು ನಾವು!

ಮೈಸೂರು ಅಂಥ ದೂರವೇನಲ್ಲ. ಆದ್ರೆ ಕಛೇರಿ ಮುಗಿಯೋ ಹೊತ್ತಿಗೆ ವಾಪಸ್ ಬರೋಕೆ ಬಸ್ ಇರ್ತಿರಲಿಲ್ಲ. ಹಾಗಾಗಿ ತಾತ ಅರಮನೆ ಮುಂದೆ ಕೂತು ಕೇಳಿದ್ದು ಜೀವನದಲ್ಲಿ ಒಂದೇ ಸಲ. ಮಿಕ್ಕಿದ್ದೆಲ್ಲಾ ಮೊದಲು ರೇಡಿಯೋ, ಆಮೇಲೆ ಟೀವಿ.

ಒಂದು ವರ್ಷ ತನಿ ಆವರ್ತನ ಶುರುವಾಗಿ ಮೃದಂಗದವರು ಏರ್ತಾ ಇದಾರೆ, ಕ್ಯಾಮೆರಾ ಮಾತ್ರ ದೀಪದ ಅರಮನೆಯನ್ನೇ ತೋರಿಸ್ತಾ ಕೂತುಬಿಡ್ತು. ತಾತನಿಗೆ ರೇಗಿಹೋಯ್ತು. "ಅರಮನೆ ಎಲ್ಗೂ ಓಡೋಗಾಕಿಲ್ಲ ಕಣಪ್ಪಾ, ಕೈ ತೋರ್ಸಪ್ಪಾ!"

ಈ ಮಾತು ತಲೇಲಿ ಉಳಿದುಬಿಟ್ಟಿತ್ತು. ಸಂಗೀತೋತ್ಸವವನ್ನ ಮನೇಲಿ ಕೂತವರಿಗೆ ತೋರಿಸೋವಾಗ ಕ್ಯಾಮೆರಾ ಎಲ್ಲಿ ನೋಡ್ಬೇಕು? ಇದು ಬಹಳ ಹಳೇ ತಕರಾರು ಅಂತ ಗೊತ್ತಾಗಿದ್ದು ಈಚೆಗೆ, 'ಮಾಂಟೆರೆ ಪಾಪ್' ನೋಡಿದ ಮೇಲೆ.

1967ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮೂರು ದಿನ ಸಂಗೀತೋತ್ಸವ ನಡೀತು. ಡಿ. ಎ. ಪೆನ್ನೆಬೇಕರ್ ತಂಡ ಹೆಗಲ ಮೇಲೆ ಹೊತ್ತುಕೊಳ್ಳೋ 16 ಎಂಎಂ ಕ್ಯಾಮೆರಾಗಳಲ್ಲಿ ಅದನ್ನ ಚಿತ್ರೀಕರಿಸಿತು. ತಮಾಷೆ ಅಂದ್ರೆ ಅದು ಮೊದಲು ಥಿಯೇಟರಿಗೆ ಅಂತ ತೆಗೆದದ್ದಲ್ಲ, ಎಬಿಸಿ ಟೀವಿಗೆ, ಅಂದ್ರೆ ಮನೆ ಮಂದಿಗೆ. ಆದ್ರೆ ಜಿಮಿ ಹೆಂಡ್ರಿಕ್ಸ್ ವೇದಿಕೆ ಮೇಲೆ ಗಿಟಾರಿಗೆ ಬೆಂಕಿ ಇಟ್ಟಿದ್ದನಲ್ಲ, ಆ ದೃಶ್ಯ ನೋಡಿದ ಮೇಲೆ ಚಾನೆಲ್ಲಿನವರು ಬೇಡಪ್ಪಾ ಅಂದ್ರು. 1968ರ ಕೊನೆಗೆ ಸಿನಿಮಾ ಆಗಿ ತೆರೆಗೆ ಬಂತು. ಅಂದಹಾಗೆ ಆ ಬೆಂಕಿ ಪಂಡಿತ್ ರವಿಶಂಕರ್‌ಗೂ ಹಿಡಿಸಲಿಲ್ಲ. ಹಿಡಿಸೋದಾದ್ರೂ ಹೇಗೆ, ಆಯುಧಪೂಜೆಗೆ ಸ್ಪ್ಯಾನರಿಗೂ ಕುಂಕುಮ ಇಡೋ ಜನ ನಾವು :-)

ಆ ಚಿತ್ರದ ಕೊನೆಗೆ ಇರೋದು ರವಿಶಂಕರ್ ಅವರೇ, ತಬಲಾದಲ್ಲಿ ಅಲ್ಲಾ ರಖಾ. ಒಂದು ಗಂಟೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಅವರಿಗೆ ಹದಿನೈದು ನಿಮಿಷಕ್ಕೂ ಹೆಚ್ಚು. ಆದ್ರೆ ಶುರುವಿನಲ್ಲಿ ಎಷ್ಟೋ ಹೊತ್ತು ಸಿತಾರವೂ ಕಾಣಲ್ಲ, ಅವರೂ ಕಾಣಲ್ಲ! ಬರೀ ಕೇಳ್ತಾ ಕೂತವರ ಮುಖಗಳು. ಕೇಳೋರಲ್ಲಿ ಹೆಂಡ್ರಿಕ್ಸ್ ಕೂಡ ಇದಾನೆ. ಆಮೇಲೆ ನಿಧಾನಕ್ಕೆ ಬೆರಳುಗಳು ಬರುತ್ತವೆ, ಕೊನೆಗೆ ಝಾಲಾ ಏರೋವಾಗ ಕ್ಯಾಮೆರಾ ಕೈ ಬಿಟ್ಟು ಹೆಚ್ಚು ಕದಲಲ್ಲ. ತಾತ ನೋಡಿದ್ರೆ ಶುರುವಿಗೆ ಬೈದು ಕೊನೆಗೆ ಒಪ್ಪಿಕೊಳ್ತಿದ್ರು.

ಇಲ್ಲಿ ಎಂಜಿನಿಯರ್ ಬುದ್ಧಿ ಸುಮ್ನಿರಲ್ಲ ನೋಡಿ. 16 ಎಂಎಂ ಕ್ಯಾಮೆರಾಗೆ ಹಾಕೋ ನಾನೂರು ಅಡಿ ಫಿಲ್ಮು ಓಡೋದು ಹನ್ನೊಂದು ನಿಮಿಷ. ಮೂರು ನಿಮಿಷದ ಪಾಪ್ ಹಾಡಿಗೆ ಧಾರಾಳ. ಒಂದು ಗಂಟೆಯ ರಾಗ-ತಾನ-ಪಲ್ಲವಿಗೆ? ಐದಾರು ಸಲ ರೀಲು ಬದಲಿಸ್ಬೇಕು, ಅಷ್ಟೊತ್ತಿಗೆ ನೆರವಲ್ ಎಲ್ಲಿಗೋ ಹೋಗಿರುತ್ತೆ. 1969ರ ವುಡ್‌ಸ್ಟಾಕ್‌ನಲ್ಲಿ ನೂರಕ್ಕೂ ಹೆಚ್ಚು ಗಂಟೆ ಫಿಲ್ಮ್ ತೆಗೆದು, ಎಡಿಟಿಂಗ್ ಮೇಜಿನ ಮೇಲೆ ಮೂರು ಗಂಟೆಗೆ ಇಳಿಸಿದರು. ಆ ಎಡಿಟರುಗಳಲ್ಲಿ ಆಗಿನ್ನೂ ಹುಡುಗ ಮಾರ್ಟಿನ್ ಸ್ಕಾರ್ಸೆಸಿಯೂ ಒಬ್ಬ.

ನೇರಪ್ರಸಾರದಲ್ಲಿ ಆ ಮೇಜೇ ಇಲ್ಲ. ನಮ್ಮ ಕಡೆ 1935ರಲ್ಲಿ ಮೈಸೂರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ರು, 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂತು. ರೇಡಿಯೋದಲ್ಲಿ ಈ ತಕರಾರೇ ಇರಲಿಲ್ಲ, ನೋಡೋಕೆ ಏನೂ ಇಲ್ವಲ್ಲ. ಟೀವಿಯಲ್ಲಿ ವ್ಯಾನಿನೊಳಗೆ ಕೂತವರು ನಾಲ್ಕಾರು ಕ್ಯಾಮೆರಾಗಳ ಚಿತ್ರ ನೋಡ್ತಾ ಆ ಕ್ಷಣಕ್ಕೆ ಒಂದನ್ನ ಆರಿಸ್ಬೇಕು. ಗಾಯಕರು ಸ್ವರ ಮುಗಿಸ್ತಾರೆ, ಪಿಟೀಲಿನವರು ಉತ್ತರ ಕೊಡ್ತಾರೆ ಅನ್ನೋದು ಎರಡು ಸೆಕೆಂಡ್ ಮುಂಚೆ ಗೊತ್ತಿದ್ರೆ ಪಿಟೀಲು ಸಿಕ್ಕುತ್ತೆ, ಇಲ್ಲಾಂದ್ರೆ ಪಿಟೀಲು ಮುಗಿದ ಮೇಲೆ ಪಿಟೀಲಿನವರು ಬೆವರು ಒರೆಸೋದು ಸಿಕ್ಕುತ್ತೆ. ಸಂಗೀತ ಗೊತ್ತಿಲ್ಲದವರನ್ನ ಆ ಕುರ್ಚಿಯಲ್ಲಿ ಕೂರಿಸಬಾರದು ಅಂತ ನನ್ನ ಹಟ. ಜೊತೆಗೆ ಅರಮನೆಯ ಸುಮಾರು 97 ಸಾವಿರ ಬಲ್ಬು! ಅದಕ್ಕೆ ಕ್ಯಾಮೆರಾ ಹೊಂದಿಸಿದ್ರೆ ಹಾಡೋರ ಮುಖ ಕಪ್ಪು, ಮುಖಕ್ಕೆ ಹೊಂದಿಸಿದ್ರೆ ಅರಮನೆ ಬೆಳ್ಳಗಿನ ಮುದ್ದೆ. ಆ ಕ್ಯಾಮೆರಾದವನ ಮೇಲೆ ನನಗೀಗ ಸ್ವಲ್ಪ ಕನಿಕರ ಇದೆ.

2020ರ ದಸರಾದಲ್ಲಿ ಕೋವಿಡ್ ಕಾರಣಕ್ಕೆ ಸಭಿಕರ ಸಂಖ್ಯೆಗೆ ಮಿತಿ ಹಾಕಿ, ಅರಮನೆ ಮುಂದಿನ ಕಾರ್ಯಕ್ರಮಗಳನ್ನ ಅಂತರ್ಜಾಲದಲ್ಲಿ ನೇರವಾಗಿ ಬಿಟ್ಟರು. ಮನೆಯಿಂದಲೇ ಕೆಲಸ ಅಂತ ನಾನೂ ಊರಲ್ಲಿದ್ದೆ. ಲ್ಯಾಪ್‌ಟಾಪನ್ನ ಸ್ಟೂಲಿನ ಮೇಲಿಟ್ಟು ತಾತನ ಮಂಚದ ಪಕ್ಕ ಕೂತೆ. ನೆಟ್‌ವರ್ಕ್ ಎರಡು ಸಲ ನಿಂತು ಮತ್ತೆ ಬಂತು. ತಾತ ಬೈಲಿಲ್ಲ, ತೊಡೆ ಮೇಲೆ ತಾಳ ಹಾಕ್ತಾ ಕಾದ್ರು. ಹಾಡು ಮುಗಿದಾಗ ಚಪ್ಪಾಳೆ ಅಂಥದ್ದೇನೂ ಕೇಳಲಿಲ್ಲ.

"ಜನವೇ ಇಲ್ವಲ್ಲೋ ಮಗಾ" ಅಂದ್ರು ತಾತ. ಆಮೇಲೆ ತಾವೇ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಅಡುಗೆಮನೆಯಿಂದ ಅವ್ವ ಬಂದು ನೋಡಿ ಏನಾಯ್ತು ಇಬ್ರಿಗೂ ಅಂದ್ಲು.

ಅದು ತಾತ ನೋಡಿದ ಕೊನೇ ದಸರಾ.