ಕ್ಯಾನ್ಸರ್ ರೋಗಿಯ ಜೊತೆಗೆ ಹೋಗುವವರು: ನುಗ್ಗೇಹಳ್ಳಿ ಸೀಮೆಯಿಂದ ಬೆಂಗಳೂರಿಗೆ

ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ ಹೆಂಗಸಿಗೆ ಕೆಲವು ವರ್ಷಗಳ ನಂತರ ಅಂಡಾಶಯದ ಕ್ಯಾನ್ಸರ್ ಕಾಣಿಸಿಕೊಳ್ಳುವುದುಂಟು. ಊರಿನಲ್ಲಿ ಇದಕ್ಕೆ ‘ಮತ್ತೆ ಬಂತು’ ಎನ್ನುತ್ತಾರೆ. ಎಷ್ಟೋ ಸಲ ಅದು ಹಳೆಯ ಕಾಯಿಲೆ ಮರುಕಳಿಸಿದ್ದಲ್ಲ, ಬೇರೆಯೇ ಹೊಸ ಕಾಯಿಲೆ. ಇವೆರಡರ ನಂಟು ವೈದ್ಯರಿಗೆ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ರೋಗಿಯ ಜೊತೆ ಹೋಗುವವರ ಕೆಲಸವೂ ಬದಲಾಯಿತು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆ ತೆಂಗು, ರಾಗಿ, ಹೈನುಗಾರಿಕೆಯನ್ನು ನಂಬಿದ ಪ್ರದೇಶ. ಇಂದು ಒಬ್ಬರ ಹೊಲಕ್ಕೆ ಇನ್ನೊಬ್ಬರು, ನಾಳೆ ಅವರ ಹೊಲಕ್ಕೆ ಇವರು ಹೋಗುವ ‘ಮುಯ್ಯಾಳು’ ಪದ್ಧತಿ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬೇರೂರಿತ್ತು. ಮನೆಯೊಡತಿ ಹಾಸಿಗೆ ಹಿಡಿದರೆ ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ಮುದ್ದೆ ತಿರುವಿಡುವುದು ನೆರೆಯವರ ಕೆಲಸವಾಗುತ್ತಿತ್ತು. ಆದರೆ ಕ್ಯಾನ್ಸರ್ ವಿಷಯದಲ್ಲಿ ಈ ಆಸರೆ ಹಲವು ಕಡೆ ಹಿಂಜರಿಯಿತು. ಕಾಯಿಲೆ ಅಂಟುತ್ತದೆ ಎಂಬ ಭಯ, ಹೆಸರು ಹೊರಬಿದ್ದರೆ ಮಗಳ ಮದುವೆಗೆ ತೊಂದರೆ ಎಂಬ ಅಳುಕು ಇದಕ್ಕೆ ಕಾರಣ. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ರೋಗಿಯ ಪಕ್ಕದಲ್ಲಿ ಕೂತು ಉಂಡರೆ ಯಾರಿಗೂ ಏನೂ ಆಗದು.

ಸಂಸ್ಥಾನದ ಕಾಲದಲ್ಲಿ ಹಾಸನದ ಕಡೆಯವರಿಗೆ ಹತ್ತಿರವಿದ್ದದ್ದು ವೆಸ್ಲಿಯನ್ ಮಿಷನ್ ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆ. ದೊಡ್ಡ ಚಿಕಿತ್ಸೆಗೆ 1900ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಯಿತ್ತು. ಕ್ಯಾನ್ಸರ್‌ಗೆಂದೇ ಮೀಸಲಾದ ಆಸ್ಪತ್ರೆಗಳು ದೂರದಲ್ಲಿದ್ದವು: ಮುಂಬಯಿಯ ಟಾಟಾ ಮೆಮೋರಿಯಲ್ 1941ರಲ್ಲಿ, ಮದ್ರಾಸಿನ ಅಡ್ಯಾರ್ ಸಂಸ್ಥೆ 1954ರಲ್ಲಿ ಆರಂಭವಾದವು. ಅಡ್ಯಾರ್ ಸಂಸ್ಥೆಯನ್ನು ಕಟ್ಟಲು ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರಿಗೆ ಪ್ರೇರಣೆಯಾದದ್ದು ಕ್ಯಾನ್ಸರ್‌ಗೆ ಬಲಿಯಾದ ಅವರ ಸ್ವಂತ ತಂಗಿಯ ಸಾವು.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದ ಮೇಲೆ ಕರ್ನಾಟಕದ ಬಡ ರೋಗಿಗಳ ದಾರಿ ಬದಲಾಯಿತು. ನುಗ್ಗೇಹಳ್ಳಿಯವರು ಚನ್ನರಾಯಪಟ್ಟಣಕ್ಕೆ ಬಂದು ಬಸ್ಸು ಹಿಡಿದು, ಹಿರೀಸಾವೆ, ಕುಣಿಗಲ್, ನೆಲಮಂಗಲ ದಾಟಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನಿಮ್ಹಾನ್ಸ್ ಪಕ್ಕದ ಈ ಆಸ್ಪತ್ರೆಗೆ ಮತ್ತೊಂದು ಬಸ್ಸು ಹತ್ತಬೇಕು. ಕೀಮೊ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ. ಒಬ್ಬಳೇ ಹೋಗಿಬರುವುದು ಆಗದ ಮಾತು. ವಾರ್ಡಿನಲ್ಲಿ ‘ಅಟೆಂಡರ್ ಯಾರಿದ್ದೀರಿ?’ ಎಂದು ಕೂಗಿದಾಗ ಎದ್ದು ನಿಲ್ಲುವವರ ಕೈಯಲ್ಲಿ ಹಳೆಯ ಚೀಟಿ, ಸ್ಕ್ಯಾನ್, ಬಯಾಪ್ಸಿ ವರದಿಗಳು ತುಂಬಿದ ಪ್ಲಾಸ್ಟಿಕ್ ಕವರ್ ಇರುತ್ತದೆ. ಔಷಧಿ ತರುವುದು, ರಕ್ತಪರೀಕ್ಷೆಗೆ ಸರದಿ ನಿಲ್ಲುವುದು, ವಾಂತಿಯಾದಾಗ ತಲೆ ಹಿಡಿಯುವುದು ಅವರ ಪಾಲಿಗೆ ಬರುತ್ತದೆ. ಇಂಥವರು ತಂಗಲೆಂದೇ ಆಸ್ಪತ್ರೆಯ ಆವರಣದಲ್ಲಿ ಧರ್ಮಶಾಲೆ ಎದ್ದಿತು.

ಚಿಕಿತ್ಸೆ ಮುಗಿಸಿದವಳೇ ಹೊಸ ರೋಗಿಗೆ ಧೈರ್ಯ ಹೇಳುವ ಕ್ರಮಕ್ಕೆ ಸಂಘಟಿತ ರೂಪ ಬಂದದ್ದು 1952ರಲ್ಲಿ. ಸ್ತನ ತೆಗೆಸಿಕೊಂಡಿದ್ದ ನ್ಯೂಯಾರ್ಕಿನ ಟೆರೀಸ್ ಲಾಸರ್ ಇತರ ರೋಗಿಗಳನ್ನು ಕಂಡು ಮಾತಾಡಿಸಲು ಹೊರಟರು. ಅದೇ ‘ರೀಚ್ ಟು ರಿಕವರಿ’ ಎಂಬ ಕಾರ್ಯಕ್ರಮವಾಗಿ ಬೆಳೆಯಿತು. ಗುಣವಾಗದ ರೋಗಿಗಳಿಗಾಗಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದ ‘ಕರುಣಾಶ್ರಯ’ ಉಚಿತವಾಗಿ ಆರೈಕೆ ಮಾಡುತ್ತ ಬಂದಿದೆ.

ಖರ್ಚಿನ ಚರಿತ್ರೆಯೂ ಇದರೊಂದಿಗೆ ಸಾಗಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ನೆರವು ನೀಡಿತು. ಹಾಲಿನ ಸಂಘದ ಸದಸ್ಯತ್ವ ಹೀಗೆ ಕಾಯಿಲೆಯಲ್ಲೂ ಒದಗಿತು. ಆಮೇಲೆ ಬಂದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಗಿಂತ ಕೆಳಗಿನವರ ಕ್ಯಾನ್ಸರ್ ಚಿಕಿತ್ಸೆಯನ್ನೂ ಒಳಗೊಂಡಿತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅದರ ಸ್ಥಾನದಲ್ಲಿದೆ. ರೈಲಿನಲ್ಲಿ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿಯಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಗೆಳತಿಯ ಜೊತೆಗೆ ಹೋಗುವ ಹೆಂಗಸಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚೂ ತಪ್ಪಿತು.

ಆರಂಭದಲ್ಲಿ ಹೇಳಿದ ಎರಡು ಕ್ಯಾನ್ಸರ್‌ಗಳ ನಂಟಿನ ಸುಳಿವು ಹಳೆಯದು. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲಿ ತನ್ನ ಹೆಂಡತಿಯ ವಂಶದಲ್ಲಿ ತಲೆಮಾರುಗಳುದ್ದಕ್ಕೂ ಸ್ತನ ಕ್ಯಾನ್ಸರ್ ಬಂದುದನ್ನು ದಾಖಲಿಸಿದ. 1970ರ ದಶಕದಲ್ಲಿ ಹೆನ್ರಿ ಲಿಂಚ್ ಒಂದೇ ಕುಟುಂಬದಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗಳು ಸೇರಿಕೊಂಡು ಬರುವುದನ್ನು ತೋರಿಸಿದರು. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ತಂಡ ಇದಕ್ಕೆ ಕಾರಣವಾದ ಜೀನು 17ನೇ ವರ್ಣತಂತುವಿನಲ್ಲಿದೆ ಎಂದು ಗುರುತಿಸಿತು. ಬಿಆರ್‌ಸಿಎ-1 ಎಂಬ ಆ ಜೀನು 1994ರಲ್ಲಿ, ಬಿಆರ್‌ಸಿಎ-2 ಮರುವರ್ಷ ಕೈಗೆ ಸಿಕ್ಕವು. ಮೊದಲನೆಯದರಲ್ಲಿ ಹಾನಿಕರ ದೋಷವಿರುವ ನೂರು ಹೆಂಗಸರಲ್ಲಿ ಸುಮಾರು 39ರಿಂದ 58 ಮಂದಿಗೆ, ಎರಡನೆಯದರಲ್ಲಿ ದೋಷವಿದ್ದರೆ 13ರಿಂದ 29 ಮಂದಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರಬಹುದೆಂಬುದು ಈಗಿನ ಅಂದಾಜು. ಈ ದೋಷ ತಂದೆಯ ಕಡೆಯಿಂದಲೂ ಬರಬಲ್ಲದು.

ಈ ತಿಳಿವಳಿಕೆ ಜೊತೆಗಿರುವವರ ಹೊಣೆಯನ್ನು ಹೆಚ್ಚಿಸಿತು. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಬಲ್ಲ, ನೆಚ್ಚಬಹುದಾದ ತಪಾಸಣೆ ಇನ್ನೂ ಇಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ ಇವೇ ಅದರ ಸೂಚನೆಗಳು. ಇವನ್ನು ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ತಿಂಗಳು ಕಳೆಯುವವರು ಬಹಳ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದ ಗೆಳತಿ ಹೀಗೆಂದರೆ ತಡಮಾಡದೆ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ಯಬೇಕು, ಹಳೆಯ ಕಾಯಿಲೆಯ ಕಾಗದಗಳನ್ನೂ ಒಯ್ಯಬೇಕು. ಇದು ಹರಡಿದ್ದೋ ಹೊಸದೋ ಎಂದು ಕೇಳಿ ತಿಳಿಯಬೇಕು. ಚಿಕಿತ್ಸೆ ಅದರ ಮೇಲೆ ನಿಂತಿದೆ.

ಎರಡನೇ ಸಲದ ರೋಗಿಗೆ ಮುಂದಿನದು ಗೊತ್ತಿರುತ್ತದೆ: ಕೂದಲು ಉದುರುವುದು, ಬಾಯಿ ಹುಣ್ಣು, ಅಂಗೈ ಅಂಗಾಲು ಜೋಮು. ‘ಏನೂ ಆಗಲ್ಲ ಬಿಡು’ ಎಂಬ ಮಾತು ಅವಳಿಗೆ ಸಾಲದು. ಅವಳ ಮನೆಯ ಹಾಲು ಡೇರಿಗೆ ಮುಟ್ಟಬೇಕು, ಮುಂದಿನ ಕೀಮೊ ದಿನಕ್ಕೆ ಜೊತೆಗೊಬ್ಬರು ಗೊತ್ತಾಗಿರಬೇಕು, ಅವಳು ಅಳುವಾಗ ಸುಮ್ಮನೆ ಕೇಳಿಸಿಕೊಳ್ಳುವವರು ಬೇಕು. ಅವಳ ಅಕ್ಕತಂಗಿಯರಿಗೂ ಬೆಳೆದ ಮಕ್ಕಳಿಗೂ ಜೀನು ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಒಬ್ಬಳ ಕಾಯಿಲೆಯಿಂದ ಸಿಗುವ ಆ ಒಂದು ಮಾಹಿತಿ ಮನೆಯ ಇನ್ನೊಬ್ಬಳ ಜೀವ ಉಳಿಸಬಲ್ಲದು.