ಕಾವಲಿನ ಕೂಲಿ: ಹಂಪೆಯ ನಗರರಕ್ಷಕರೂ ಕರ್ನಲ್ ಮನ್ರೋನ ಪೊಲೀಸು ಸುಧಾರಣೆಯೂ

ಕ್ರಿ.ಶ. 1443ರಲ್ಲಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಟಂಕಸಾಲೆಯ ಎದುರಿಗಿದ್ದ ನಗರಾಧಿಕಾರಿಯ ಕಚೇರಿಯನ್ನು ವರ್ಣಿಸಿದ್ದಾನೆ. ಅಲ್ಲಿ 12,000 ಕಾವಲುಗಾರರಿದ್ದರೆಂದೂ ಅವರ ದಿನದ ವೇತನವಾದ 12,000 ಪಣಗಳು ವೇಶ್ಯಾವಾಟಿಕೆಗಳ ಆದಾಯದಿಂದ ಸಲ್ಲುತ್ತಿದ್ದುವೆಂದೂ ಅವನು ಕೇಳಿ ಬರೆದನು. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ವ್ಯವಸ್ಥೆಯ ಸ್ವರೂಪವೇ ಮುಖ್ಯ. ಕಳವಾದುದನ್ನು ಹುಡುಕಿಕೊಡಬೇಕು, ಇಲ್ಲವೇ ದಂಡ ತೆರಬೇಕು ಎಂಬುದು ಕಾವಲುಗಾರರ ಕಟ್ಟಳೆ. ರಜಾಕನ ಸಂಗಡಿಗನು ಕೊಂಡಿದ್ದ ಗುಲಾಮರು ಓಡಿಹೋದಾಗ, ಅವರನ್ನು ಹಿಡಿದು ತರುವಂತೆ, ತಪ್ಪಿದರೆ ಬೆಲೆ ತೆರುವಂತೆ, ಬಡವರ ಕೇರಿಯ ಕಾವಲಿನವರಿಗೆ ಅಪ್ಪಣೆಯಾಯಿತು. ಅವರು ಬೆಲೆಯನ್ನು ವಿಚಾರಿಸಿಕೊಂಡು ಹಣವನ್ನೇ ತೆತ್ತರು. ಬಡಕೇರಿಯನ್ನು ಕಾಯುವವರಿಗೆ ಆ ಹಣ ಒದಗಿದ ಬಗೆ ಹೇಗೆ? ಕೇರಿಯಿಂದಲೇ ಬಂದಿರಬೇಕೆಂದು ಊಹಿಸಲು ಕಷ್ಟವಿಲ್ಲ.

ಸಾಮ್ರಾಜ್ಯದ ಪತನಾನಂತರ ಕಾವಲಿಯ ಹಕ್ಕು ಪಾಳೆಯಗಾರರ ಕೈಸೇರಿತು. ರಕ್ಷಣೆಯ ಹೆಸರಿನ ಕಾಣಿಕೆ ಕ್ರಮೇಣ ಸುಲಿಗೆಯಾಯಿತು; ಕಾಣಿಕೆ ನಿಲ್ಲಿಸಿದ ಊರಿಗೆ ಕಳ್ಳರು ಬರುತ್ತಿದ್ದರು.

1800ರಲ್ಲಿ ಹೊಸಪೇಟೆ, ಕಂಪ್ಲಿಗಳನ್ನೊಳಗೊಂಡ ಬಳ್ಳಾರಿ ಸೀಮೆಯನ್ನು ನಿಜಾಮನು ಕಂಪನಿಗೆ ಬಿಟ್ಟುಕೊಟ್ಟನು. ಈ ದತ್ತಮಂಡಲದ ಕಲೆಕ್ಟರನಾಗಿ ನಿಯುಕ್ತನಾದ ಥಾಮಸ್ ಮನ್ರೋ ಮೂಲತಃ ಸೈನಿಕ. 1780ರಲ್ಲಿ ಕೆಡೆಟ್ ಆಗಿ ಮದರಾಸಿಗೆ ಬಂದು ಹೈದರನೊಡನೆ ಕಾದಾಡಿದವನು. 1807ರವರೆಗಿನ ಆಡಳಿತದಲ್ಲಿ ಅವನು ಪಾಳೆಯಗಾರರ ಬಲವನ್ನು ಮುರಿದನು. ಆದರೆ ಆ ವೇಳೆಗೆ ಕಂಪನಿಯೇ ಮದರಾಸು ಪ್ರಾಂತದಲ್ಲಿ ಬಂಗಾಳದ ಮಾದರಿಯ ದರೋಗಾ ಪೊಲೀಸನ್ನು ತಂದಿತ್ತು. ಅಲ್ಪ ಸಂಬಳದ, ಊರಿನ ಪರಿಚಯವಿಲ್ಲದ, ದೂರದ ನ್ಯಾಯಾಧೀಶನಿಗೆ ಅಧೀನನಾದ ದರೋಗಾ ಲಂಚಕ್ಕೆ ಸುಲಭದ ತುತ್ತು. ಮನ್ರೋನ ಉತ್ತರ ಸರಳವಾಗಿತ್ತು: ಗೌಡ, ತಳವಾರರ ಹಳೆಯ ಗ್ರಾಮ ಕಾವಲನ್ನೇ ಉಳಿಸಿಕೊಳ್ಳಬೇಕು. ವಿಶೇಷ ಆಯೋಗದ ಮುಖ್ಯಸ್ಥನಾಗಿ 1814ರಲ್ಲಿ ಮರಳಿದ ಅವನು 1816ರ ಹನ್ನೊಂದನೆಯ ರೆಗ್ಯುಲೇಷನ್ನಿನ ಮೂಲಕ ದರೋಗಾಗಳನ್ನು ತೆಗೆಯಿಸಿ, ಪೊಲೀಸನ್ನು ಕಲೆಕ್ಟರನಿಗೂ ತಹಶೀಲ್ದಾರನಿಗೂ ಒಪ್ಪಿಸಿದನು. ಮರುವರ್ಷ ಪೇಶ್ವೆಯ ಪರವಾಗಿ ಸಂಡೂರನ್ನು ಶಿವರಾವ್ ಘೋರ್ಪಡೆಯಿಂದ ವಶಪಡಿಸಿಕೊಂಡವನೂ, 1818ರಲ್ಲಿ ಅದನ್ನು ಅವನಿಗೇ ಹಿಂದಿರುಗಿಸಲು ಶಿಫಾರಸು ಮಾಡಿದವನೂ ಈ ಕರ್ನಲನೇ.

ಶತಮಾನದ ಬಳಿಕ, 1924ರಲ್ಲಿ, ಅಮೆರಿಕದ ಸೇನಾನಿ ಸ್ಮೆಡ್ಲಿ ಬಟ್ಲರನು ಫಿಲಡೆಲ್ಫಿಯಾ ನಗರದ ಭ್ರಷ್ಟ ಪೊಲೀಸನ್ನು ಶುದ್ಧಗೊಳಿಸಲು ಹೊರಟು, ಎರಡೇ ವರ್ಷಗಳಲ್ಲಿ, ತನ್ನನ್ನು ಕರೆತಂದ ಮೇಯರನಿಂದಲೇ ಪದಚ್ಯುತನಾದನು. ಮನ್ರೋನಿಗೆ ಅಂತಹ ಒಡೆಯನ ಕಾಟವಿರಲಿಲ್ಲ. ಕಾನೂನನ್ನೇ ಬದಲಿಸುವ ಅಧಿಕಾರವಿತ್ತು. ಅವನು ಸೋತದ್ದು ಬೇರೆಡೆ. ಕಂದಾಯ ವಸೂಲಿಗಾರನೇ ಪೊಲೀಸು ಅಧಿಕಾರಿಯಾದಾಗ, ಬಾಕಿದಾರ ರೈತನು ದೂರು ಒಯ್ಯಬೇಕಾದ ಬಾಗಿಲೂ ವಸೂಲಿಗಾರನದೇ ಆಯಿತು. 1855ರ ಮದರಾಸು ಚಿತ್ರಹಿಂಸಾ ಆಯೋಗವು ಕಂದಾಯಕ್ಕಾಗಿ ರೈತರಿಗೆ ಕೊಡುತ್ತಿದ್ದ ಹಿಂಸೆಯನ್ನು ದಾಖಲಿಸಿ, ಎರಡೂ ಅಧಿಕಾರಗಳು ಒಂದೇ ಕೈಯಲ್ಲಿದ್ದುದನ್ನು ಆಕ್ಷೇಪಿಸಿತು. 1827ರಲ್ಲಿಯೇ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡಿದ್ದ ಮನ್ರೋ ಅದನ್ನು ಕಾಣಲಿಲ್ಲ. 1859ರ ಮದರಾಸು ಪೊಲೀಸ್ ಕಾಯಿದೆಯು ತಹಶೀಲ್ದಾರನ ಕೈಯಿಂದ ಪೊಲೀಸನ್ನು ಬೇರ್ಪಡಿಸಿತು.